ಅತ್ತೆಯ ಕಿವಿಗೆ ಮೂರು ಹೆಡ್‌ಫೋನು

ಬೈಲಹೊಂಗಲದಲ್ಲಿ ಆಗ ಸೀರೆ ಕೊಳ್ಳುವ ಪದ್ಧತಿಯೇ ಬೇರೆ ಇತ್ತು. ನಮ್ಮಂಥ ಮನೆಗಳ ಹೆಂಗಸರು ಅಂಗಡಿಗೆ ಹೋಗಿ ಕೂರುವುದು ಕಡಿಮೆ. ಗಂಡಸರು ಒಂದು ಮಾತು ಹೇಳಿ ಬಂದರೆ ಅಂಗಡಿಯವರು ಸೀರೆಗಳ ಗಂಟನ್ನೇ ಮನೆಗೆ ಕಳಿಸುತ್ತಿದ್ದರು. ಎರಡು ಮೂರು ದಿನ ಇಟ್ಟುಕೊಂಡು, ಹೆಗಲ ಮೇಲೆ ಹಾಕಿ ನೋಡಿ, ಓಣಿಗೆಲ್ಲ ತೋರಿಸಿ, ಎಲ್ಲರ ಬಾಯಿಂದಲೂ ಒಂದೊಂದು ಕೊಂಕು ಕೇಳಿಸಿಕೊಂಡು, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸಬಹುದಿತ್ತು. ಈ ಪದ್ಧತಿಯನ್ನು ಹೆಡ್‌ಫೋನಿಗೂ ಹಚ್ಚಿದವರು ಇಡೀ ತಾಲೂಕಿನಲ್ಲಿ ನಮ್ಮ ಅತ್ತೆ ಒಬ್ಬರೇ ಇರಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಮದುರ್ಗದಿಂದ ಆ ಮನೆಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ನನ್ನ ಗಂಡ ಕಿತ್ತೂರಿನಲ್ಲಿ ಮಾಸ್ತರರಾಗಿದ್ದರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಜೊತೆಯ ಮಾಸ್ತರರೊಬ್ಬರು ಹೊಸ ವಾಕ್‌ಮನ್ ಕೊಂಡು ಹಳೆಯದನ್ನು ಇವರಿಗೆ ಕೊಟ್ಟಿದ್ದರು. ವಾಕ್‌ಮನ್ ಗಟ್ಟಿಮುಟ್ಟಾಗಿತ್ತು, ಅದರ ಹೆಡ್‌ಫೋನಿನ ವೈರನ್ನು ಮಾತ್ರ ಇಲಿ ಕಡಿದು ಹಾಕಿತ್ತು. ಅದು ಮನೆಗೆ ಬಂದ ದಿನವೇ ಅತ್ತೆ ಎತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಹಾಡು ಕೇಳುವ ಚಪಲಕ್ಕಲ್ಲ. ಅವರಿಗೆ ನ್ಯಾಯ ಬೇಕಾಗಿತ್ತು.

ಹಿಂದಿನ ಬೇಸಿಗೆಯಲ್ಲಿ ಸಿರಸಂಗಿಯ ಅವರ ತವರಿನಲ್ಲಿ ಅಣ್ಣನ ಮಗಳ ಮದುವೆ ನಡೆದಿತ್ತು. ಅರಿಶಿಣ ಹಚ್ಚುವ ಹೊತ್ತಿಗೆ ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯವರು ಎದುರಿಗೆ ಒಂದು ಸಾಲು ಕುಳಿತು ಪದ ಹಾಡುವುದು ರೂಢಿ. ಇವರು ಬೀಗರ ಮೂಗನ್ನು ಆಡಿಕೊಂಡರೆ ಅವರು ಇವರ ಅಡುಗೆಯನ್ನು ಆಡಿಕೊಳ್ಳಬೇಕು. ಯಾರ ಪದ ಮೊದಲು ಮುಗಿಯುತ್ತದೋ ಅವರು ಸೋತರು. ಮಂಗಳದ ನುಡಿ ಹಾಡಿದರಂತೂ ‘ನಮ್ಮಲ್ಲಿ ಇನ್ನೇನೂ ಉಳಿದಿಲ್ಲ’ ಎಂದು ಒಪ್ಪಿಕೊಂಡ ಹಾಗೆ. ಹೆಣ್ಣಿನ ಕಡೆಯ ಮುಂದಾಳುಗಳು ನಮ್ಮ ಅತ್ತೆ ಮತ್ತು ಸವದತ್ತಿಗೆ ಕೊಟ್ಟಿದ್ದ ಅವರ ಅಕ್ಕ. ನಾವು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕುಳಿತು ಬಾಯಿ ತೆರೆದರೆ ಯಾವ ದನಿ ಯಾರದೆಂದು ಹೆತ್ತವ್ವನಿಗೂ ತಿಳಿಯುತ್ತಿರಲಿಲ್ಲವಂತೆ. ಆಟ ಕಾವೇರಿತು. ಗಂಡಿನ ಕಡೆಯವರು ತಡವರಿಸತೊಡಗಿದರು. ಇನ್ನು ಎರಡು ನುಡಿ ಹಾಡಿದ್ದರೆ ಗೆದ್ದೇಬಿಡುತ್ತಿದ್ದರು. ಅಷ್ಟರಲ್ಲಿ ಈ ಇಬ್ಬರಲ್ಲಿ ಯಾರೋ ಒಬ್ಬರು ಮಂಗಳ ಎತ್ತಿಬಿಟ್ಟರು. ಹಿಂದೆ ಕುಳಿತ ಹೆಂಗಸರು ರೂಢಿಯ ಬಲದಿಂದ ದನಿಗೂಡಿಸಿಯೂ ಬಿಟ್ಟರು. ಬೀಗರು ಚಪ್ಪಾಳೆ ತಟ್ಟಿ ‘ಮುಗೀತೇನ್ರಿ ನಿಮ್ಮ ಸರಕು?’ ಎಂದು ನಕ್ಕರು. ಆ ಬೀಗರು ರಾಮದುರ್ಗದ ಕಡೆಯವರು. ನನ್ನ ತವರೂರಿನವರು ಗೆದ್ದರೆಂದು ಹಿಂದೆ ಕುಳಿತಿದ್ದ ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಮುಖದ ಮೇಲೆ ತರಲಿಲ್ಲ. ನಾನು ದಿನಾ ಉಣ್ಣಬೇಕಾಗಿದ್ದದ್ದು ಬೈಲಹೊಂಗಲದಲ್ಲಿ.

ಮಂಗಳ ಎತ್ತಿದವರು ಯಾರು? ಅತ್ತೆ ‘ಅಕ್ಕ’ ಎಂದರು, ದೊಡ್ಡವ್ವ ‘ತಂಗಿ’ ಎಂದರು. ಕೈಗೆ ಅಂಟಿದ ಅರಿಶಿಣ ತೊಳೆಯುವ ಮೊದಲೇ ಜಗಳ ಹತ್ತಿತು. ಮದುವೆಯ ಊಟಕ್ಕೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತರು. ಆಮೇಲೆ ಮಾತು ಬಿಟ್ಟರು. ತಿಂಗಳಿಗೊಮ್ಮೆಯಾದರೂ ಸವದತ್ತಿಯಿಂದ ಬಂದು, ಗುರೆಳ್ಳು ಚಟ್ನಿಯ ಡಬ್ಬಿ ತುಂಬಿಸಿ, ಮನೆಯನ್ನೆಲ್ಲ ನಗಿಸಿ ಹೋಗುತ್ತಿದ್ದ ದೊಡ್ಡವ್ವ ಬರುವುದನ್ನೇ ನಿಲ್ಲಿಸಿದರು. ಚಟ್ನಿಯ ಡಬ್ಬಿ ಖಾಲಿಯಾಗಿ ಗೂಡಿನಲ್ಲಿ ಹಾಗೇ ಕುಳಿತಿತ್ತು. ತೊಳೆದು ಅದರಲ್ಲಿ ಶೇಂಗಾ ಚಟ್ನಿಯನ್ನಾದರೂ ತುಂಬೋಣ ಎಂದರೆ ಅತ್ತೆ ಮುಟ್ಟಗೊಡುತ್ತಿರಲಿಲ್ಲ. ಬಾಯಲ್ಲಿ ಅಕ್ಕನನ್ನು ಬೈಯುತ್ತಿದ್ದರು, ಕಣ್ಣು ಆ ಡಬ್ಬಿಯ ಮೇಲೆಯೇ ಇರುತ್ತಿತ್ತು. ನನಗೆ ಪಾಪ ಅನ್ನಿಸುತ್ತಿತ್ತು.

ಮದುವೆ ಮನೆಯಲ್ಲಿ ಯಾರೋ ಹಾಡನ್ನೆಲ್ಲ ಟೇಪಿನಲ್ಲಿ ತುಂಬಿಕೊಂಡಿದ್ದರು. ಅದರ ಒಂದು ಕ್ಯಾಸೆಟ್ ನಮ್ಮ ಮನೆಗೂ ಬಂತು. ಪಡಸಾಲೆಯಲ್ಲಿದ್ದ ಮಾವನ ಟೇಪಿನಲ್ಲಿ ಹಚ್ಚಿದರೆ ಅಷ್ಟೂ ಹೆಂಗಸರು ಒಂದೇ ಕೊಡದೊಳಗೆ ಕುಳಿತು ಹಾಡಿದ ಹಾಗೆ ಕೇಳುತ್ತಿತ್ತು. ಅತ್ತೆ ಬಿಡದೆ ಅದನ್ನೇ ಮತ್ತೆ ಮತ್ತೆ ಹಚ್ಚಿದರು. ಕೊನೆಗೊಂದು ದಿನ ಮಾವನಿಗೆ ರೇಗಿತು.

“ಇನ್ನೊಂದ ಸಲ ಆ ಪದ ಹಚ್ಚಿದ್ರ ಟೇಪ ಒಯ್ದ ಬಾವ್ಯಾಗ ಒಗೀತೇನಿ ನೋಡ!”

ಹಾಗಾಗಿ ವಾಕ್‌ಮನ್, ಹಾಗಾಗಿ ಹೆಡ್‌ಫೋನು.

ಮಾವ ಹತ್ತಿ ವ್ಯಾಪಾರದವರು. ಮಧ್ಯಾಹ್ನ ಉಂಡು ಪಡಸಾಲೆಯ ತೂಗುಮಂಚದ ಮೇಲೆ ಅವರು ಮಲಗಿದರೆ ಮನೆಯವರೆಲ್ಲ ಬೆರಳ ತುದಿಯ ಮೇಲೆ ನಡೆಯಬೇಕು. ಅವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಚಹಾ. ಅವರಿಗೆ ನಿಜವಾಗಿ ನೆಗಡಿಯಾದಾಗ ನಮ್ಮ ಮನೆಯಲ್ಲಿ ಚಹಾ ಬಹಳ ಖರ್ಚಾಗುತ್ತಿತ್ತು.

ಹೆಡ್‌ಫೋನಿನ ಸುದ್ದಿ ಕೇಳಿ ಅವರು ಒಂದು ಕರಾರು ಹಾಕಿದರು. “ತರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಿವಿಗೆ ಬೂಚ ಬಡಕೊಂಡ ಕುಂತ್ರ ನಾ ಕೆಮ್ಮಿದ್ದ ಯಾರಿಗೆ ಕೇಳಬೇಕು? ಅದನ್ನ ಹಾಕ್ಕೊಂಡಾಗೂ ನನ್ನ ಕೆಮ್ಮ ಕೇಳಬೇಕು. ಕೇಳಲಿಲ್ಲೋ, ಅಂಗಡಿಗೆ ವಾಪಸ್!”

ಬಜಾರದಲ್ಲಿ ರೇಡಿಯೊ ರಿಪೇರಿ ಮಾಡುತ್ತ ಕ್ಯಾಸೆಟ್ ಮಾರುತ್ತಿದ್ದ ಸಾಹೇಬರೊಬ್ಬರ ಅಂಗಡಿಯಿತ್ತು. ಅವರ ಮನೆಯಲ್ಲೂ ಸೀರೆಯ ಗಂಟು ಹೀಗೆಯೇ ಹೋಗಿ ಬರುತ್ತಿತ್ತೆಂದು ಕಾಣುತ್ತದೆ. ಅತ್ತೆಯ ಬೇಡಿಕೆ ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಅಗ್ಗದವುಗಳಲ್ಲೇ ಮೂರು ಬಗೆ ಆರಿಸಿ ನನ್ನ ಗಂಡನ ಕೈಗಿತ್ತರು. “ಮನಿಗೆ ಒಯ್ದ ನೋಡ್ರಿ ಮಾಸ್ತರ. ಪಸಂದ ಬಂದದ್ದ ಇಟ್ಕೊಳ್ರಿ, ಉಳಿದದ್ದ ಸಂತಿ ದಿನ ವಾಪಸ್ ತರ್ರಿ.”

ಅತ್ತೆ ಮೂರನ್ನೂ ಚಾಪೆಯ ಮೇಲೆ ಹರವಿಕೊಂಡು ಸೀರೆ ನೋಡುವ ಹಾಗೆಯೇ ನೋಡಿದರು. ಅಂಚು ಎಳೆದರು, ಬೆರಳಲ್ಲಿ ತಿಕ್ಕಿದರು, ಬೆಳಕಿಗೆ ಹಿಡಿದರು. ಕರೀ ಬಣ್ಣದ್ದನ್ನು ತೋರಿಸಿ “ಬಣ್ಣ ಬಿಡತೈತೇನ ಇದು?” ಎಂದು ಮಗನನ್ನು ಕೇಳಿದರು. ಮಗ ಬಸ್ಸಿಗೆ ಹೊತ್ತಾಯಿತೆಂದು ತಪ್ಪಿಸಿಕೊಂಡರು.

ಮೊದಲನೆಯದು ತೆಳು ತಗಡಿನ ಪಟ್ಟಿಯದು, ಕಿವಿಗೆ ಕಿತ್ತಳೆ ಬಣ್ಣದ ಸ್ಪಂಜು. ಅದನ್ನು ತಲೆಯ ಮೇಲಿನ ಸೆರಗಿನ ಮೇಲೆ ಹಾಕಿಕೊಂಡರೆ ಜಾರಿ ಹಣೆಗೆ ಬಂತು. ಸೆರಗು ಸರಿಸಿ ಹಾಕಿಕೊಂಡರೆ ಪಟ್ಟಿಯ ಸಂದಿಯಲ್ಲಿ ಕೂದಲು ಸಿಕ್ಕಿಕೊಂಡಿತು. ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಬುಗುಡಿ. ಅತ್ತೆಯ ಕಿವಿಯ ಮೇಲಂಚಿಗೆ ಮುತ್ತಿನ ಬುಗುಡಿ, ಕೆಳಗೆ ಬೆಂಡೋಲೆ. ಸ್ಪಂಜು ಸರಿಯಾಗಿ ಬುಗುಡಿಯ ತಿರುಪಿನ ಮೇಲೇ ಕುಳಿತು ಒತ್ತುತ್ತಿತ್ತು.

“ಕಿವಿ ಹಿಂಡಿದಂಗ ಆಗತೈತಿ ಬೇ. ಸಾಲ್ಯಾಗ ಹಿಂಡಿಸಿಕೊಂಡದ್ದ ಸಾಕಾಗಿಲ್ಲೇನ ನನಗ?”

ದನಿಯೂ ಅಷ್ಟಕ್ಕಷ್ಟೇ. ಕೊಡದೊಳಗಿದ್ದ ಹೆಂಗಸರು ಕೊಡದ ಬಾಯಿಯವರೆಗೆ ಬಂದಿದ್ದರು, ಹೊರಗೆ ಬಂದಿರಲಿಲ್ಲ. ನಾನು ಪಕ್ಕದಲ್ಲಿ ರೊಟ್ಟಿ ಬಡಿಯತೊಡಗಿದರೆ ಹಾಡು ಪೂರ್ತಿ ಮಾಯವಾಗುತ್ತಿತ್ತು. ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದನ್ನು ಮೀರಿ ಕೇಳದ ಹೆಡ್‌ಫೋನಿಗೆ ಬೆಲೆಯಿಲ್ಲ. ಮಾವನ ಕೆಮ್ಮು ಮಾತ್ರ ಅದರಲ್ಲಿ ಗಂಟೆ ಹೊಡೆದ ಹಾಗೆ ಕೇಳಿತು.

ಎರಡನೆಯದು ಕಿವಿಯೊಳಗೆ ತುರುಕುವ ಗುಂಡಿಗಳು. ಬುಗುಡಿಗೆ ತಾಗದು, ತುರುಬಿಗೆ ಸಿಕ್ಕದು, ಸೆರಗಿನೊಳಗೆ ಹಾಕಿಕೊಂಡದ್ದು ಓಣಿಯವರಿಗೆ ಕಾಣದು. ಅತ್ತೆಗೆ ಬಹಳ ಹಿಡಿಸಿತು. ಬಲಗಿವಿಯ ಗುಂಡಿ ಮಾತ್ರ ನಿಲ್ಲುತ್ತಿರಲಿಲ್ಲ. ಎಷ್ಟು ಸಲ ತುರುಕಿದರೂ ಜಾರಿ ಹೆಗಲ ಮೇಲೆ ಬೀಳುತ್ತಿತ್ತು. ಸಾಕಾಗಿ ಅತ್ತೆ ಅದನ್ನು ಹಾಗೇ ಬಿಟ್ಟು ಎಡಗಿವಿಯಲ್ಲಷ್ಟೇ ಹಾಡು ಕೇಳಿದರು. ಕೇಳುತ್ತ ಕೇಳುತ್ತ ಅವರ ಬೆನ್ನು ನೆಟ್ಟಗಾಯಿತು.

“ಮದಿವ್ಯಾಗ ಅಕ್ಕ ನನ್ನ ಎಡಕ್ಕ ಕುಂತಿದ್ಲು, ಹೌದಿಲ್ಲ?”

“ಹೌದ್ರಿ ಅತ್ತಿ.”

“ಮಂಗಳ ಎತ್ತಿದ ದನಿ ನನಗ ಎಡಗಿವ್ಯಾಗ ಬರಾಕತ್ತೈತಿ. ಮುಗೀತಲ್ಲ!”

ಬಲಗಡೆಯ ಗುಂಡಿ ಹೆಗಲ ಮೇಲೆ ಬಿದ್ದಿದೆ, ಅದಕ್ಕೇ ಇಡೀ ಸಿರಸಂಗಿ ನಿಮ್ಮ ಎಡಗಿವಿಯಲ್ಲಿ ಹಾಡುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಎಷ್ಟೋ ತಿಂಗಳ ಮೇಲೆ ಆ ಮುಖ ಅರಳಿತ್ತು. ಅಂದು ಸಂಜೆಯೇ ಸವದತ್ತಿಗೆ ಹೊರಟಿದ್ದ ಬಂಧುಗಳೊಬ್ಬರ ಕೈಯಲ್ಲಿ ಅಕ್ಕನಿಗೆ ಹೇಳಿ ಕಳಿಸಿದರು: “ಬರೂ ಸೋಮವಾರ ಬಂದ ತನ್ನ ಕಿವೀಲೆ ಕೇಳಿ ಹೋಗ ಅಂತ ಹೇಳ್ರಿ.”

ಮೂರನೆಯದು ದೊಡ್ಡದು. ರೆಗ್ಜಿನ್ ಹೊದಿಸಿದ ಎರಡು ಮೆತ್ತನೆಯ ಬಟ್ಟಲು, ನಡುವೆ ಅಗಲ ಪಟ್ಟಿ. ತಲೆಯ ಮೇಲೆ ಬುಟ್ಟಿ ಹೊತ್ತ ಹಾಗೆ ಕಾಣುತ್ತಿದ್ದರೂ ಸೆರಗಿನ ಮೇಲೆಯೇ ಗಟ್ಟಿಯಾಗಿ ಕೂರುತ್ತಿತ್ತು. ಬುಗುಡಿ, ಬೆಂಡೋಲೆ ಎಲ್ಲ ಒಡವೆಯ ಪೆಟ್ಟಿಗೆಯಲ್ಲಿಟ್ಟಂತೆ ಬಟ್ಟಲಿನೊಳಗೆ ಅಡಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಕಿವಿ ಬೆವರುತ್ತಿತ್ತು, ಅಷ್ಟೇ. ರೊಟ್ಟಿ ಬಡಿದರೂ ಹಾಡು ಅಲುಗುತ್ತಿರಲಿಲ್ಲ. ಆದರೆ ಹಾಡು ನಡೆದಿರುವಾಗ ಪಡಸಾಲೆಯಲ್ಲಿ ಗೂಳಿ ಗುಟುರು ಹಾಕಿದರೂ ಕೇಳುವಂತಿರಲಿಲ್ಲ. ಮಾವನ ಪರೀಕ್ಷೆಯಲ್ಲಿ ಇದು ಸೋಲುವುದು ಖಾತ್ರಿ. ಅತ್ತೆಯ ಮನಸ್ಸು ಆಗಲೇ ಗುಂಡಿಯದರ ಮೇಲೆ ನಿಂತಿತ್ತು, ಇದರಲ್ಲಿ ಮಂಗಳದವರೆಗೆ ಕೇಳುವ ಗೋಜಿಗೇ ಹೋಗಲಿಲ್ಲ. ನನಗೆ ಮಾತ್ರ ದೊಡ್ಡದರ ಮೇಲೆ ಮನಸ್ಸು. ಮುಂದೆ ನನ್ನ ಕ್ಯಾಸೆಟ್ಟುಗಳನ್ನೂ ಕೇಳಬಹುದಲ್ಲ!

ಆಗ ನನಗೆ ನೆಲುವು ಕಂಡಿತು. ಬೆಕ್ಕಿಗೆ ಸಿಗದಿರಲಿ ಎಂದು ಬೆಣ್ಣೆಯ ಗಡಿಗೆಯನ್ನು ಹಗ್ಗದ ನೆಲುವಿನಲ್ಲಿಟ್ಟು ಅಡುಗೆಮನೆಯ ತೊಲೆಗೆ ತೂಗುಬಿಟ್ಟಿದ್ದೆವು. ಅದೇ ತೊಲೆ ಪಡಸಾಲೆಯವರೆಗೂ ಹಾಯ್ದಿತ್ತು. ಅದಕ್ಕೇ ಮಾವನ ತೂಗುಮಂಚದ ಸರಪಳಿ. ಅವರು ಎದ್ದು ಕೂತರೆ ಸಾಕು, ಇತ್ತ ನೆಲುವು ಮೆಲ್ಲಗೆ ಓಲಾಡುತ್ತಿತ್ತು. ಅವರಾದರೋ ಎದ್ದು ಕೂತು, ಚಾದರ ಸರಿಪಡಿಸಿ, ಆಮೇಲೆ ಕೆಮ್ಮುವವರು.

ಅತ್ತೆಗೆ ತೋರಿಸಿದೆ. ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ರಾಮದುರ್ಗದ ನೀರ ಸಾದಾ ಅಲ್ಲ ಬೇ!” ಎಂದರು.

ಮಧ್ಯಾಹ್ನ ಅತ್ತೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ನೆಲುವಿಗೆ ಕಣ್ಣು ನೆಟ್ಟು ಕುಳಿತರು. ನೆಲುವು ಅಲುಗಿತು. ಅತ್ತೆ ತಂಬಿಗೆ ಹಿಡಿದು ಎದ್ದರು. ಮಾವ ಕೆಮ್ಮಲು ಎದೆ ತುಂಬ ಗಾಳಿ ಎಳೆದುಕೊಂಡಿದ್ದರಷ್ಟೇ, ನೀರು ಎದುರಿಗೆ ಬಂದು ನಿಂತಿತ್ತು. ಎಳೆದುಕೊಂಡ ಗಾಳಿಯನ್ನು ಏನು ಮಾಡಬೇಕೆಂದು ತಿಳಿಯದೆ ಅವರಿಗೆ ನಿಜವಾಗಿಯೇ ಕೆಮ್ಮು ಬಂತು.

ಮರುದಿನ ಸಂತೆ. ಬಜಾರಕ್ಕೆ ಹೊರಟ ಮಾವ ಸ್ಪಂಜಿನದನ್ನೂ ಗುಂಡಿಯದನ್ನೂ ತಾವೇ ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟರು. ದೊಡ್ಡದು ಮನೆಯಲ್ಲಿ ಉಳಿಯಿತು. ಅತ್ತೆ ಒಲೆಯ ಮುಂದಿದ್ದರು. ನಾನು ಅದನ್ನು ಹಾಕಿಕೊಂಡು ಆ ಪದವನ್ನು ಹಚ್ಚಿದೆ. ಅಬ್ಬಾ! ಬಳೆಗಳ ಸದ್ದು, ಅರಿಶಿಣದ ಬಟ್ಟಲನ್ನು ಕೆಳಗಿಟ್ಟ ಸದ್ದು, ಹಿಂದೆಲ್ಲೋ ಒಂದು ಕೂಸು ರಚ್ಚೆ ಹಿಡಿದದ್ದು, ಎಲ್ಲ ಬೇರೆ ಬೇರೆಯಾಗಿ ಕೇಳಿತು. ಮಂಗಳ ಬಂತು. ಅದಕ್ಕೂ ತುಸು ಮೊದಲು ಒಂದು ಸಣ್ಣ ಸದ್ದು: “ಹ್ಞಾಂ.”

ಆ ‘ಹ್ಞಾಂ’ ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಏನೇ ಹೇಳುವ ಮೊದಲೂ ಹಾಗೊಮ್ಮೆ ಉಸಿರೆಳೆಯುತ್ತಿದ್ದರು. ‘ಹ್ಞಾಂ, ಜ್ವಾಳಾ ಬೀಸಿಸಿದೇನ?’ ‘ಹ್ಞಾಂ, ಆಕಳಿಗೆ ನೀರ ಇಟ್ಟೇನ?’ ದಿನಕ್ಕೆ ನೂರು ಸಲ ಕೇಳಿದ ಸದ್ದು ಅದು. ಮಂಗಳ ಮುಗಿದು, ಬೀಗರು ಚಪ್ಪಾಳೆ ತಟ್ಟುತ್ತಿದ್ದಂತೆ ಕ್ಯಾಸೆಟ್ಟಿನ ಆ ಬದಿ ಮುಗಿದು ವಾಕ್‌ಮನ್ನಿನ ಗುಂಡಿ ಟಕ್ ಎಂದು ಮೇಲೆ ಎದ್ದಿತು. ನಾನು ಏನೂ ಹೇಳದೆ ಹಿಂದಕ್ಕೆ ತಿರುಗಿಸಿ ಅತ್ತೆಯ ತಲೆಗೆ ಹಾಕಿದೆ.

ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಮನೆಯಲ್ಲಿ ಎಂದೂ ಗಟ್ಟಿಯಾಗಿ ಮಾತಾಡದ ಅತ್ತೆ ಓಣಿ ಹಾರಿ ಬೀಳುವಂತೆ ಕೂಗಿದರು: “ಅಯ್ಯ ಶಿವನ, ಇದು ನನ್ನ ದನಿ!”

ಗೋಡೆಯಾಚೆಯ ಮನೆಯವರು “ಏನಾತ್ರಿ?” ಎಂದು ಇಣುಕಿದರು. “ಏನಿಲ್ರಿ, ಬೆಕ್ಕ ಬಂದಿತ್ತ” ಎಂದೆ.

ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಅಕ್ಕ ಸೋಮವಾರ ಬರುತ್ತಾಳೆ, ಬರಹೇಳಿದವರು ಇವರೇ. ಬಂದು ಇದನ್ನೇ ಕೇಳುತ್ತಾಳೆ. ಅತ್ತೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. “ಇದರ ಆವಾಜ ಚಲೋ ಇಲ್ಲ ಬೇ.”

ಮಾವ ಸಂತೆಯಿಂದ ಬಂದ ಕೂಡಲೇ ಅತ್ತೆ ಬಾಗಿಲ ಮರೆಯಿಂದ ಅದನ್ನೇ ಹೇಳಿದರು. ದೊಡ್ಡದು ಬೇಡ, ಗುಂಡಿಯದನ್ನೇ ತಿರುಗಿ ತರಿಸಬೇಕು. ಮಾವ ಒಪ್ಪಲಿಲ್ಲ. “ಏನ ಚಲೋ ಇಲ್ಲ? ನಾ ಕೆಮ್ಮೂಕಿಂತ ಮೊದಲ ನೀರ ಬಂತು! ಇಷ್ಟ ವರ್ಷದಾಗ ಎಂದೂ ಹಂಗ ಬಂದಿದ್ದಿಲ್ಲ. ಅದ ಇರಲಿ.”

ನಾವು ತೋಡಿದ ಗುಂಡಿಗೆ ನಾವೇ ಬಿದ್ದಿದ್ದೆವು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆಗೆ ನಗು ಬರಲಿಲ್ಲ. ರಾತ್ರಿ ಅಡುಗೆಯ ಹೊತ್ತಿಗೆ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಬಹಳ ಸಹಜವಾಗಿ ಕೇಳಿದರು: “ನಮ್ಮನ್ಯಾಗ ಇಲಿ ಎಲ್ಲಿ ಹೋಗ್ಯಾವ ಬೇ? ಒಂದೂ ಕಾಣವಲ್ಲವು.”

ಇಲಿಗಳು ಬರಲಿಲ್ಲ. ಸೋಮವಾರ ದೊಡ್ಡವ್ವ ಬಂದರು.

ಕೈಯಲ್ಲಿ ಚೀಲ ಹಿಡಿದು ಬಿರಬಿರನೆ ಒಳಗೆ ಬಂದವರು ತಂಗಿಯ ಕಡೆ ನೋಡದೆ ನನಗೆ ಹೇಳಿದರು. “ನಿಮ್ಮ ಅತ್ತೀನ್ನ ಕೇಳವಾ, ಎಲ್ಲೈತಿ ಆ ಕೋರ್ಟು ಅಂತ.”

ಮೊಳದ ದೂರದಲ್ಲಿದ್ದ ಅತ್ತೆಯೂ ನನಗೇ ಹೇಳಿದರು. “ಮೊದಲ ಊಟಾ ಮಾಡಂತ ಹೇಳ.”

ಊಟದುದ್ದಕ್ಕೂ ಹಾಗೆಯೇ. ರೊಟ್ಟಿ ಬೇಕೇನು, ಬೇಡ, ಮಜ್ಜಿಗೆ ಹಾಕಲೇ, ಸಾಕು, ಎಲ್ಲ ಮಾತನ್ನೂ ಒಬ್ಬರಿಂದ ಇನ್ನೊಬ್ಬರಿಗೆ ನಾನೇ ಮುಟ್ಟಿಸಬೇಕು. ಒಮ್ಮೆ ಬೇಕೆಂದೇ ‘ಇನ್ನೆರಡು ಬೇಕಂತ್ರಿ’ ಎಂದು ದೊಡ್ಡವ್ವನ ತಾಟಿಗೆ ಎರಡು ರೊಟ್ಟಿ ಹೆಚ್ಚು ಬೀಳುವಂತೆ ಮಾಡಿದೆ. ದೊಡ್ಡವ್ವ ಕಣ್ಣು ಕೆಕ್ಕರಿಸಿದರು, ಆದರೆ ತಿಂದರು.

ಮಾವ ಮಲಗಿದ ಮೇಲೆ ಮೂವರೂ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಕುಳಿತೆವು. ದೊಡ್ಡವ್ವನ ತಲೆಗೆ ಹೆಡ್‌ಫೋನ್ ಹಾಕಿದೆ. ವಾಕ್‌ಮನ್ ನನ್ನ ತೊಡೆಯ ಮೇಲಿತ್ತು. ಒತ್ತಿದೆ. ದೊಡ್ಡವ್ವ ಕಣ್ಣು ಮುಚ್ಚಿದರು. ಬೆರಳು ಮಂಡಿಯ ಮೇಲೆ ತಾಳ ಹಾಕತೊಡಗಿತು. ಅತ್ತೆ ಅಕ್ಕನ ಮುಖವನ್ನೇ ನೋಡುತ್ತ, ತಮ್ಮ ಸೆರಗಿನ ತುದಿಯನ್ನು ಹಿಂಡುತ್ತ ಕುಳಿತಿದ್ದರು. ಒಂದು ಕ್ಷಣ ದೊಡ್ಡವ್ವನ ಬೆರಳು ಮಂಡಿಯ ಮೇಲೆ ಗಕ್ಕನೆ ನಿಂತಿತು. ಆ ‘ಹ್ಞಾಂ’ ಅವರಿಗೂ ಕೇಳಿತೆಂದು ನನಗೆ ತಿಳಿಯಿತು. ಕಣ್ಣು ಮಾತ್ರ ತೆರೆಯಲಿಲ್ಲ.

ಕ್ಯಾಸೆಟ್ ಮುಗಿಯಿತು. ವಾಕ್‌ಮನ್ನಿನ ಗುಂಡಿ ನನ್ನ ಅಂಗೈಯ ಕೆಳಗೇ ಮೆಲ್ಲಗೆ ಎದ್ದಿತು. ಅತ್ತೆಗೆ ಆ ಸದ್ದು ಕೇಳಲಿಲ್ಲ. ಅವರು ನೆಲ ನೋಡುತ್ತಿದ್ದರು. ಅಕ್ಕನ ಕಿವಿ ಇನ್ನೂ ಹಾಡಿನಿಂದ ತುಂಬಿದೆ ಎಂದೇ ಅವರ ಲೆಕ್ಕ. ‘ಹ್ಞಾಂ’ ಎಂದು ಉಸಿರೆಳೆದು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

“ಎತ್ತಿದಾಕಿ ನಾನ ಅಕ್ಕಾ. ಬಾಯಿ ತಪ್ಪಿತು. ಮಂದಿ ನಗಾಕತ್ತಿದ್ರು, ನಾಚಿಕಿ ಆತು, ನಿನ್ನ ಮ್ಯಾಲ ಹಾಕಿದೆ. ನೀ ಬರೂದ ಬಿಟ್ಟ ಮ್ಯಾಲ ಈ ಮನಿ ಬಿಕೋ ಅನ್ನಾಕತ್ತೈತಿ.”

ಹಾಡು ಮುಗಿದಿದೆ, ಅವರಿಗೆ ನಿಮ್ಮ ಮಾತು ಕೇಳುತ್ತಿದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಗುಂಡಿಯ ಮೇಲಿನ ಅಂಗೈಯನ್ನೂ ಎತ್ತಲಿಲ್ಲ.

ದೊಡ್ಡವ್ವ ಕಣ್ಣು ಮುಚ್ಚಿಯೇ ಇದ್ದರು. ಆಮೇಲೆ ಅವರ ಬೆರಳು ಮಂಡಿಯ ಮೇಲೆ ಮತ್ತೆ ತಾಳ ಹಾಕತೊಡಗಿತು, ಇಲ್ಲದ ಹಾಡಿಗೆ. ಒಂದು ಪದ ಮುಗಿಯುವಷ್ಟು ಹೊತ್ತು ಹಾಗೆ ತಾಳ ಹಾಕಿ, ಹೆಡ್‌ಫೋನ್ ತೆಗೆದು ನನ್ನ ಕೊರಳಿಗೆ ಹಾಕಿ, ನೇರವಾಗಿ ತಂಗಿಯ ಕಡೆ ತಿರುಗಿದರು.

“ಏನೂ ತಿಳಿಯಂಗಿಲ್ಲ ಬಿಡ ಇದರಾಗ. ಬರೇ ಗೊರ್ ಅಂತೈತಿ. ಯಾರರ ಎತ್ತಿರಲಿ, ಅದನ್ನ ತಗೊಂಡ ಏನ ಮಾಡೂದೈತಿ? ಆ ಡಬ್ಬಿ ತಾ ಇಲ್ಲೆ.”

ಚೀಲದಿಂದ ಗುರೆಳ್ಳು ಚಟ್ನಿಯ ಪೊಟ್ಟಣ ಹೊರಗೆ ಬಂತು. ಸವದತ್ತಿಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದದ್ದು ಅದು. ಅತ್ತೆ ಡಬ್ಬಿ ತರಲು ಎದ್ದರು, ಗೂಡಿನ ಕಡೆ ಮುಖ ಮಾಡಿ ಆ ಖಾಲಿ ಡಬ್ಬಿಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸಿದರು. ಆಮೇಲೆ ಇಬ್ಬರೂ ಮಾತಿಗೆ ಕುಳಿತರು. ಇಷ್ಟು ದಿನ ಕೂಡಿಟ್ಟಿದ್ದ ಮಾತು, ಅಷ್ಟು ಬೇಗ ಮುಗಿಯುವಂಥದ್ದಲ್ಲ.

ನೆಲುವು ಓಲಾಡಿತು. ಇಬ್ಬರೂ ನೋಡಲಿಲ್ಲ. ಪಡಸಾಲೆಯಿಂದ ಒಂದು ಕೆಮ್ಮು ಬಂತು. ಇಬ್ಬರಿಗೂ ಕೇಳಿತು, ಯಾರೂ ಏಳಲಿಲ್ಲ. ನಾನೇ ತಂಬಿಗೆ ತುಂಬಿಕೊಂಡು ಹೋದೆ.

“ಯಾಕ, ಅಕಿಗೆ ಕೇಳಲಿಲ್ಲೇನು?” ಎಂದರು ಮಾವ.

“ಹೆಡ್‌ಫೋನ್ ಹಾಕ್ಕೊಂಡಾರ್ರಿ ಮಾವಾರ.”

ಒಳಗಿನಿಂದ ಇಬ್ಬರ ನಗು ಕೇಳಿ ಬರುತ್ತಿತ್ತು. ಹೆಡ್‌ಫೋನು ನನ್ನ ಕೊರಳಲ್ಲೇ ನೇತಾಡುತ್ತಿತ್ತು. ಮಾವ ಅದನ್ನು ನೋಡಿದರು, ನೀರು ಕುಡಿದರು, ತಂಬಿಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮತ್ತೆ ಮಲಗಿದರು.